ನೂರು ತತ್ತಿ ಒಂದ ಚೀಲ: ವಿಯೆಟ್ನಾಂ ಬಗ್ಗೆ ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕಿಯೊಳಗ ವಿಯೆಟ್ನಾಂ ದೇಶದ ಹುಂಗ್ ರಾಜರ ಹಬ್ಬದ ಬಗ್ಗೆ ಒಂದ ಪುಟ ಬರದಿದ್ದೆ. ಚಾಂದ್ರಮಾನದ ಮೂರನೇ ತಿಂಗಳ ಹತ್ತನೇ ದಿನ ಫು ಥೋ ಪ್ರಾಂತ್ಯದ ಗುಡ್ಡ ಹತ್ತಿ ಅಲ್ಲಿ ಮಂದಿ ತಮ್ಮ ಮೂಲಪುರುಷರಿಗೆ ಎಡಿ ಹಿಡಿತಾರ, 2007ರಿಂದ ಅದು ದೇಶಕ್ಕೆಲ್ಲಾ ಸರ್ಕಾರಿ ಸೂಟಿ, 2012ರಾಗ ಯುನೆಸ್ಕೊ ಪಟ್ಟಿಗೂ ಸೇರ್ತು ಅಂತ ಬರದಿದ್ದೆ, ನೂರು ತತ್ತಿ ಕಥಿ, ಹದಿನೆಂಟು ಹುಂಗ್ ರಾಜರು, ಹಬ್ಬದ ಚೌಕ ಅನ್ನದ ಗಂಟು ಇವುಗಳ ಬಗ್ಗೆನೂ ಒಂದೆರಡ ಸಾಲ ಇದ್ವು. ಅದಕ್ಕ ಇಂಡಿಯಿಂದ, ಗೋಕಾಕದಿಂದ, ಜಮಖಂಡಿಯಿಂದ ಬಂದ ಪತ್ರ, ವಾಟ್ಸಾಪ್ ಮೆಸೇಜ್ ನೋಡಿ ಭಾಳ ಖುಷಿ ಆತು. ಈ ಸಲದ ಅಂಕಣ ಪೂರಾ ಅದಕ್ಕ ಮೀಸಲು. ಮೊದಲ ಒಂದ ಮಾತು, ಆ ಭಾಷಾದಾಗ ಒಂದ ಉಚ್ಚಾರಕ್ಕ ಆರು ಥರದ ಏರಿಳಿತ ಅದಾವ, ಏರಿಳಿತ ಬದಲಾದ್ರ ಅರ್ಥಾನೂ ಬದಲಾಗತೈತಿ, ಕನ್ನಡ ಲಿಪಿಯೊಳಗ ಅದನ್ನ ಪೂರಾ ಹಿಡಿಯಾಕ ಆಗಂಗಿಲ್ಲ. ಹತ್ತರ ಬರೋ ಹಂಗ ಬರದೀನಿ.

ನನ್ನ ಮಗಳು ನೂರು ತತ್ತಿ ಕಥಿ ಪೂರಾ ಹೇಳು ಅಂತ ಬೆನ್ನ ಹತ್ಯಾಳ. ನೀವು ಎರಡ ಸಾಲಿನ್ಯಾಗ ಮುಗಿಸಿದ್ರಿ. ಗಂಡ ಹೆಂಡ್ತಿ ಯಾಕ ಬ್ಯಾರೆ ಆದ್ರು?
— ಒಬ್ಬ ತಾಯಿ, ಮುಧೋಳ

ತಂಗಿ, ಮಗಳಿಗೆ ಹಿಂಗ ಹೇಳ್ರಿ. ಲಾಕ್ ಲಾಂಗ್ ಕ್ವಾನ್ ಅಂತ ಒಬ್ಬ ದೊರಿ ಇದ್ದ, ತಾಯಿ ಕಡಿಂದ ನಾಗರ ಅಲ್ಲ, ಡ್ರ್ಯಾಗನ್ ಕುಲದಾಂವ, ನೀರಾಗ ಇರ್ತಿದ್ದ. ಮಂದಿಗೆ ಕಷ್ಟ ಬಂದ್ರ ಮ್ಯಾಲ ಬಂದು ರಾಕ್ಷಸ ಮೀನ, ರಾಕ್ಷಸ ನರಿ ಹೊಡದು ಮತ್ತ ನೀರಿಗಿಳಿತಿದ್ದ. ಔ ಕೋ ಅನ್ನಾಕಿ ಗುಡ್ಡದಾಕಿ, ದೇವಕನ್ಯಾ. ಇಬ್ಬರದೂ ಲಗ್ನ ಆತು, ಆಕಿ ಹಡದದ್ದು ಕೂಸಲ್ಲ, ಒಂದ ಚೀಲ. ಆ ಚೀಲದಾಗ ನೂರು ತತ್ತಿ, ನೂರು ತತ್ತಿಯಿಂದ ನೂರು ಗಂಡಸ ಮಕ್ಕಳು. ಮಕ್ಕಳು ದೊಡ್ಡವರಾದ್ರು, ಅಪ್ಪಗ ನೀರಿನ ಸೆಳತ, ಅವ್ವಗ ಗುಡ್ಡದ ಸೆಳತ. ನಾ ನೀರಾಗಿನಾಂವ, ನೀ ಗುಡ್ಡದಾಕಿ, ಒಂದ ಕಡೆ ಬಾಳೇ ಆಗೂದಿಲ್ಲ ಅಂತ ಮಾತಾಡಿ ಐವತ್ತು ಮಕ್ಕಳು ಅವ್ವನ ಜೊತಿ ಗುಡ್ಡಕ್ಕ, ಐವತ್ತು ಅಪ್ಪನ ಜೊತಿ ಸಮುದ್ರದ ಕಡೆ ಹೋದ್ರು. ಹೊಡದಾಟ ಇಲ್ಲ, ಶಾಪ ಇಲ್ಲ. ಹೋಗೂವಾಗ ಒಂದ ಮಾತ ಕೊಟ್ಕೊಂಡ್ರು, ಯಾರಿಗೆ ತ್ರಾಸ ಬಂದ್ರೂ ಇನ್ನೊಬ್ಬರು ಬರಬೇಕು. ದೊಡ್ಡ ಮಗ ವಾನ್ ಲಾಂಗ್ ಅನ್ನೋ ರಾಜ್ಯ ಕಟ್ಟಿದ, ಅವನ ಮೊದಲನೇ ಹುಂಗ್ ರಾಜ.

ನನಗ ಈ ಕಥಿಯೊಳಗ ಆ ಚೀಲಾನ ದೊಡ್ಡದು ಅನಸತೈತಿ. ವಿಯೆಟ್ನಾಮಿ ಒಳಗ ‘ಡೊಂಗ್ ಬಾವ್’ ಅಂತ ಒಂದ ಮಾತ ಐತಿ, ಅರ್ಥ ಒಂದ ಚೀಲದವರು, ಒಂದ ಹೊಟ್ಟಿಯವರು. ದೇಶಬಾಂಧವರೇ ಅನ್ನಾಕ ಅವರು ಬಳಸೂದು ಇದ ಮಾತು. 1945ರ ಸೆಪ್ಟೆಂಬರ್ 2ಕ್ಕ ಹನೋಯಿಯ ಬಾ ಡಿನ್ ಮೈದಾನದಾಗ ಹೋ ಚಿ ಮಿನ್ ಸ್ವಾತಂತ್ರ್ಯ ಘೋಷಣಾ ಓದಿದ್ರಲ್ಲ, ಶುರು ಮಾಡಿದ್ದು ಈ ಮಾತಿನಿಂದನ. ಅಲ್ಲಿ ಸರ್ಕಾರ ಲೆಕ್ಕ ಹಿಡಿಯೂದು 54 ಜನಾಂಗ, ಗುಡ್ಡದವರು ಬಯಲಿನವರು ಎಲ್ಲಾ ಕೂಡಿ. ಗುಡ್ಡಕ್ಕ ಹೋದವರೂ ನಮ್ಮವರ ಅಂತ ಈ ಕಥಿ ಹೇಳತೈತಿ.

ನಾ ಬಾಗಲಕೋಟಿ ಮುಳುಗಡೆ ಮನಿತನದಾಂವ. ಹಿನ್ನೀರ ಬಂದಾಗ ನಮ್ಮ ದೊಡ್ಡಪ್ಪನವರು ನವನಗರಕ್ಕ ಹೋದ್ರು, ನಾವು ವಿದ್ಯಾಗಿರಿಗೆ ಬಂದ್ವಿ, ಒಂದ ಒಲಿ ಎರಡ ಆದ್ವು. ಮನಿ ಮುಳಗಿದ್ದಕ್ಕಿಂತ ಆ ಒಲಿ ಬ್ಯಾರೆ ಆದದ್ದಕ್ಕ ನಮ್ಮವ್ವ ಭಾಳ ಅತ್ತಿದ್ಲು. ಅದಕ್ಕ ಈ ಕಥಿ ಮೊದಲ ಸಲ ಓದಿದಾಗ ಆ ಮಾತ ಕೊಟ್ಟ ಜಾಗಾಕ್ಕ ಬಂದು ನಿಂತಬಿಟ್ಟೆ.

ಕ್ರಿ.ಪೂ. 2879ರಿಂದ 258ರ ತನಕ ಹದಿನೆಂಟು ಹುಂಗ್ ರಾಜರು ಆಳಿದ್ರು ಅಂತ ಬರದೀರಿ. 2621 ವರ್ಷಕ್ಕ 18 ಮಂದಿ ಅಂದ್ರ ತಲಿಗೆ 145 ವರ್ಷ ಚಿಲ್ಲರೆ. ಹೆಂಗ ನಂಬೂದು?
— ನಿವೃತ್ತ ಗಣಿತ ಮಾಸ್ತರು, ಇಂಡಿ

ಸರ್, ನಿಮ್ಮ ಲೆಕ್ಕ ಬರೋಬ್ಬರಿ ಐತಿ, ಇದ ಲೆಕ್ಕ ಅಲ್ಲಿನ ವಿದ್ವಾಂಸರೂ ಹಾಕ್ಯಾರ. ಹದಿನೆಂಟು ಅಂದ್ರ ರಾಜರಲ್ಲ, ಹದಿನೆಂಟು ರಾಜಮನಿತನ ಇರಬೇಕು ಅಂತ ಕೆಲವರು, ಒಂಬತ್ತು ಅವರಿಗೆ ಶುಭದ ಸಂಖ್ಯಾ, ಅದರ ಎರಡರಷ್ಟು ಅಂತ ಕೆಲವರು. ಈ ವಂಶಾವಳಿಯನ್ನ ಅರಮನಿ ಇತಿಹಾಸದೊಳಗ ಸೇರಿಸಿದಾಂವ ಙೋ ಸಿ ಲಿಯೆನ್ ಅನ್ನೋ ಪಂಡಿತ, 1479ರಾಗ. ಅಂದ್ರ ಘಟನಾ ಆತು ಅನ್ನೋ ಕಾಲಕ್ಕೂ ಬರದ ಕಾಲಕ್ಕೂ ನಡು ನಾಕ ಸಾವಿರ ವರ್ಷ ಮ್ಯಾಲ. ಆ ಪಂಡಿತನ ಪ್ರಾಮಾಣಿಕತಾ ನನಗ ಭಾಳ ಹಿಡಿಸಿತು, ಹಿಂಗಿನ ಕಥಿಗೋಳ ಬಗ್ಗೆ ಬರೀವಾಗ ಇದು ವಿಚಿತ್ರ ಐತಿ, ಹಳೆ ಮಾತು ಅಂತ ಹೇಳೀನಿ, ಸಂಶಯಾನೂ ಅದರ ಜೊತಿ ಮುಂದಿನವರಿಗೆ ಕೊಡ್ತೀನಿ ಅನ್ನೋ ಅರ್ಥದಾಗ ಅವನ ಬರಕೊಂಡಾನ.

ಆದ್ರ ಸರ್, ರಾಜರ ಹೆಸರಿಗೆ ಪುರಾವೆ ಇಲ್ಲ ಅಂದಮಾತ್ರಕ್ಕ ಆ ಕಾಲದಾಗ ಅಲ್ಲಿ ಏನೂ ಇರ್ಲಿಲ್ಲ ಅಂತಲ್ಲ. ಮಾ ನದಿ ದಂಡಿಗೆ ಡೊಂಗ್ ಸೋನ್ ಅಂತ ಹಳ್ಳಿ ಐತಿ, ಅಲ್ಲಿ 1924ರಿಂದ ಅಗದಾಗ ಕಂಚಿನ ಸಾಮಾನ ಸಿಕ್ಕೂ. ಅಂಥಾ ದೊಡ್ಡ ಕಂಚಿನ ಡೊಳ್ಳು ಕೆಂಪು ನದಿ ಬಯಲಾಗೂ ಬೇಕಾದಷ್ಟು ಸಿಕ್ಕಾವ, ಎರಡ ಸಾವಿರ ವರ್ಷಕ್ಕಿಂತ ಹಳೇವು. ಙೋಕ್ ಲು ಅನ್ನೋ ಊರಿನ ಡೊಳ್ಳಿನ ಮ್ಯಾಲಿನ ಚಿತ್ರ ಹಿಗ್ಗಿಸಿ ನೋಡ್ರಿ, ನಟ್ಟ ನಡು ಸೂರ್ಯನಂಗ ಚುಕ್ಕಿ, ಸುತ್ತ ಉದ್ದ ಕೊಕ್ಕಿನ ಹಕ್ಕಿ, ಪುಕ್ಕ ತಲಿಗೆ ಕಟ್ಟಿದ ಮಂದಿ, ಎರಡೂ ತುದಿ ಮ್ಯಾಲೆದ್ದ ಮನಿ, ಮತ್ತ ಒಂದ ಮೂಲ್ಯಾಗ ಇಬ್ಬರು ಎದರಾಬದರಾ ನಿಂತು ಒನಕಿ ಎತ್ತಿ ಒಳ್ಳಾಗ ಕುಟ್ಟಾಕತ್ಯಾರ. ನಮ್ಮವ್ವ ನಮ್ಮತ್ತಿ ಭತ್ತ ಕುಟ್ಟತಿದ್ದ ಭಂಗಿನ ಅದು. ರಾಜನ ಹೆಸರು ತಪ್ಪಿರಬಹುದು, ಆ ಒನಕಿ ಮಾತ್ರ ಖರೇ.

ಪ್ರತಿ ವರ್ಷ ಮಹಾಪೂರ ಯಾಕ ಬರತೈತಿ ಅನ್ನೂದಕ್ಕ ಅವರ ಕಡೆ ಒಂದ ಕಥಿ ಐತಿ ಅಂತ ಕೇಳೀನಿ. 2019ರಾಗ ಘಟಪ್ರಭಾ ನಮ್ಮ ಹೊಲಾ ತೊಳಕೊಂಡ ಹೋಗೈತಿ, ಅದಕ್ಕ ಕೇಳಾಕತ್ತೀನಿ.
— ಒಬ್ಬ ರೈತರು, ಗೋಕಾಕ ತಾಲೂಕು

ಐತ್ರಿ ಕಾಕಾ. ಕಡೇ ಹುಂಗ್ ರಾಜನ ಮಗಳನ್ನ ಕೇಳಾಕ ಇಬ್ಬರು ಬಂದ್ರು, ಸೋನ್ ತಿನ್ ಅನ್ನಾಂವ ಗುಡ್ಡದ ದೇವರು, ಥುಯ್ ತಿನ್ ಅನ್ನಾಂವ ನೀರಿನ ದೇವರು. ರಾಜ ಹೇಳಿದ, ನಾಳೆ ಮುಂಜಾನೆ ಯಾರು ಮೊದಲ ಉಡುಗರಿ ತರ್ತಾರೋ ಅವರಿಗೆ ಮಗಳು. ಏನ ತರಬೇಕು ಅಂದ್ರ ಒಂಬತ್ತು ದಂತದ ಆನಿ, ಒಂಬತ್ತು ಮುಳ್ಳ ಕಾಲಿನ ಹುಂಜ, ಒಂಬತ್ತು ಜೂಲಿನ ಕುದರಿ. ಎಲ್ಲಾ ಅಡವ್ಯಾಗ ಸಿಗೂವು, ನೀರಾಗ ಎಲ್ಲಿಂದ ತರಬೇಕು? ಗುಡ್ಡದಾಂವ ಹೊತ್ತ ಮೂಡೂದ್ರಾಗ ತಂದು ಕರಕೊಂಡ ಹೋದ. ತಡಾ ಆಗಿ ಬಂದ ನೀರಿನಾಂವ ಸಿಟ್ಟಿಗೆದ್ದು ಬಿರುಗಾಳಿ ಮಳಿ ತಂದು ನದಿ ಏರಿಸಿದ, ಇವನೂ ಗುಡ್ಡ ಏರಿಸಿದ, ನೀರು ಎಷ್ಟ ಏರ್ತೋ ಗುಡ್ಡ ಅಷ್ಟ ಏರ್ತು. ನೀರಿನಾಂವ ಸೋತು ಹೋದ, ಆದ್ರ ಸಿಟ್ಟ ಹೋಗ್ಲಿಲ್ಲ, ವರ್ಷಾ ವರ್ಷಾ ಅದ ಹೊತ್ತಿಗೆ ತಿರುಗಿ ಬರ್ತಾನ. ಹನೋಯಿ ಪಶ್ಚಿಮಕ್ಕ ಬಾ ವಿ ಅಂತ ಗುಡ್ಡ ಐತಿ, ಆ ಗುಡ್ಡದ ದೇವರು ಇಂದಿಗೂ ಅವರ ನಾಕ ಚಿರಂಜೀವಿಗಳೊಳಗ ಒಬ್ಬ.

ಕಥಿಗಿಂತ ನಿಮಗ ಬೇಕಾದ ಸಂಗತಿ ಇನ್ನೊಂದ ಐತಿ. ಕೆಂಪು ನದಿಗೆ ಒಡ್ಡು ಹಾಕೂದು ಅವರ ರಾಜರ ಮೊದಲನೇ ಕೆಲಸ ಆಗಿತ್ತು. 1248ರಾಗ ಟ್ರಾನ್ ಮನಿತನದ ರಾಜ ನದಿ ಎರಡೂ ದಂಡಿಗುಂಟ ಸಮುದ್ರದ ತನಕ ಒಡ್ಡು ಹಾಕ್ರಿ, ಒಡ್ಡಿನಾಗ ಯಾರ ಹೊಲ ಹೋಗತೈತೋ ಅಳದು ನೋಡಿ ಅದರ ಬೆಲಿ ಪ್ರಕಾರ ರೊಕ್ಕ ಕೊಡ್ರಿ ಅಂತ ಹುಕುಂ ಮಾಡಿದ. 1248ರಾಗ ಕಾಕಾ! ಪರಿಹಾರಕ್ಕ ಆಫೀಸ ಅಲದು ಅಲದು ಚಪ್ಪಲಿ ಸವಸಿದ ನಮ್ಮ ಅಪ್ಪನ ನೆನಪಾತು ಅದನ್ನ ಓದಿದಾಗ.

ಟ್ರುಂಗ್ ಅಕ್ಕ ತಂಗಿಯರನ್ನ ನಮ್ಮ ಕಿತ್ತೂರ ಚೆನ್ನಮ್ಮಗ ಹೋಲಿಸಬಹುದಾ? ಸೆಮಿನಾರ್‌ಗೆ ವಿಷಯ ಬೇಕಾಗೈತಿ.
— ಬಿ.ಎ. ವಿದ್ಯಾರ್ಥಿನಿ, ಬೈಲಹೊಂಗಲ

ಹೋಲಿಸಬಹುದವ್ವ, ಆದ್ರ ಎಲ್ಲಿ ಹೊಂದತೈತಿ ಎಲ್ಲಿ ಹೊಂದಂಗಿಲ್ಲ ಅನ್ನೂದನ್ನ ಬಿಡಿಸಿ ಬರಿ. ಟ್ರುಂಗ್ ಟ್ರಾಕ್, ಟ್ರುಂಗ್ ನ್ಯಿ ಅಂತ ಇಬ್ಬರು, ಮೆ ಲಿನ್ ಸೀಮಿಯ ಸ್ಥಳೀಯ ದೊರಿಯ ಮಕ್ಕಳು. ಆಗ ಅಲ್ಲಿ ಚೀನಾದ ಹಾನ್ ಸಾಮ್ರಾಜ್ಯದ ಆಳ್ವಿಕಿ. ತೋ ಡಿನ್ ಅನ್ನೋ ಅಧಿಕಾರಿಯ ಕಾಟ ವಿಪರೀತ ಆತು, ಅಕ್ಕನ ಗಂಡನ್ನ ಅಂವ ಕೊಲ್ಲಿಸಿದ ಅಂತ ಪರಂಪರಾದ ಮಾತು. ಕ್ರಿ.ಶ. 40ರಾಗ ಇಬ್ಬರೂ ದಂಡ ಕಟ್ಟಿ ಎದ್ರು, 65 ಊರಿನ ಕೋಟಿ ಕೈವಶ ಆದ್ವು, ಅಕ್ಕ ರಾಣಿ ಆದ್ಲು. ಆನಿ ಮ್ಯಾಲ ಕುಂತ ಅಕ್ಕ ತಂಗಿ ಚಿತ್ರ ಅಲ್ಲಿ ಎಲ್ಲರಿಗೂ ಗೊತ್ತು. ಮೂರು ವರ್ಷ ನಡೀತು, 43ರಾಗ ಮಾ ಯುಆನ್ ಅನ್ನೋ ಚೀನಾದ ದಂಡನಾಯಕ ಬಂದು ಸೋಲಿಸಿದ. ಚೀನಾದ ದಾಖಲಿ ಹೇಳೂದು ತಲಿ ಕಡದ್ರು ಅಂತ, ವಿಯೆಟ್ನಾಂ ಮಂದಿ ಹೇಳೂದು ಕೈಗೆ ಸಿಗಲಾರದ ಹಾಟ್ ನದಿಗೆ ಹಾರಿದ್ರು ಅಂತ. ಇನ್ನೊಂದ ಮಾತ ಐತಿ, ಅದನ್ನ ಓದಿ ನನಗ ನಿದ್ದಿ ಬರ್ಲಿಲ್ಲ. ಮ್ಯಾಲ ಮಾಸ್ತರ ಪ್ರಶ್ನಿಯೊಳಗ ಕಂಚಿನ ಡೊಳ್ಳ ಬಗ್ಗೆ ಹೇಳಿದ್ನಲ್ಲ, ಆ ಮಂದಿಯ ಡೊಳ್ಳ ಕಸಗೊಂಡು ಕರಗಿಸಿ ಮಾ ಯುಆನ್ ಕುದರಿ ಎರಕ ಹೊಯ್ಸಿದ ಅಂತ ಚೀನಾದ ಇತಿಹಾಸನ ಹೇಳತೈತಿ.

ಈಗ ಚೆನ್ನಮ್ಮ. ಗಂಡ ತೀರಿದ ಮ್ಯಾಲ ದತ್ತಕ ಒಪ್ಪಂಗಿಲ್ಲ ಅಂದ ಕಂಪನಿ, 1824ರ ಅಕ್ಟೋಬರ್ 23ಕ್ಕ ಥ್ಯಾಕರೆ ಸತ್ತದ್ದು, ಡಿಸೆಂಬರ್‌ದಾಗ ಕೋಟಿ ಬಿದ್ದದ್ದು, ಆಕಿ ನಿಮ್ಮ ಊರಾಗನ ಸೆರಿಯೊಳಗ 1829ರ ಫೆಬ್ರುವರಿಯಾಗ ತೀರಿದ್ದು, ಇದೆಲ್ಲಾ ತಾರೀಖ ಸಮೇತ ಕಾಗದದಾಗ ಐತಿ. ಟ್ರುಂಗ್ ಅಕ್ಕ ತಂಗಿ ಬಗ್ಗೆ ಇರೂದು ವೈರಿಗಳು ಬರದ ಕೆಲವ ಸಾಲು ಅಷ್ಟ, ಉಳದದ್ದೆಲ್ಲಾ ಊರವರು ಗುಡಿ ಕಟ್ಟಿ, ವರ್ಷಕ್ಕೊಮ್ಮೆ ಪಲ್ಲಕ್ಕಿ ಎತ್ತಿ ಉಳಿಸಿಕೊಂಡದ್ದು. ಇಬ್ಬರೂ ಸೋತವರ, ಸೋತವರ ಹೆಸರ ಹಳ್ಳಿ ಮಂದಿ ಬಾಯಾಗ ಉಳದು ಗೆದ್ದವರ ಹೆಸರ ಹುಡಕಬೇಕಾಗೇತಿ. ನಂದಗಡದ ಆಲದ ಗಿಡಕ್ಕ ಇವತ್ತೂ ಹರಕಿ ಕಟ್ಟತಾರಲ್ಲ ರಾಯಣ್ಣನ ಸಲುವಾಗಿ, ಆ ಸಂಗತಿಯನ್ನೂ ಸೆಮಿನಾರ್‌ದಾಗ ತಗೋ. ಮೂರನೇ ಶತಮಾನದ ಟ್ರಿಯು ಅನ್ನೋ ಹೆಣ್ಮಗಳ ಹೆಸರೂ ಸೇರಸು, ಆಕೀನೂ ಆನಿ ಮ್ಯಾಲ ಕುಂತು 248ರಾಗ ಚೀನಾದ ವೂ ರಾಜ್ಯದ ಮ್ಯಾಲ ಎದ್ದಾಕಿ.

ರಾಜನ ಕತ್ತಿ ವಾಪಸ್ ತಗೊಂಡ ಆಮಿ ಖರೇನೂ ಐತೇನ್ರಿ?
— ಏಳನೇತ್ತಾ ಹುಡುಗ, ಬೆಳಗಾವಿ

ಇತ್ತು ಮರಿ. ಕಥಿ ಹಿಂಗ ಐತಿ, ಲೇ ಲೋಯ್ ಅನ್ನೋ ನಾಯಕಗ ಮಿಂಗ್ ಚೀನಾದ ಸೈನ್ಯದ ಜೋಡಿ ಹೊಡದಾಡಾಕ ದೇವರ ಕತ್ತಿ ಸಿಕ್ಕಿತ್ತು, ಕತ್ತಿ ಅಲಗು ಒಬ್ಬ ಮೀನಗಾರನ ಬಲಿಗೆ ಮೂರು ಸಲ ಬಿತ್ತು, ಹಿಡಿ ಬ್ಯಾರೆ ಕಡೆ ಗಿಡದ ಮ್ಯಾಲ ಸಿಕ್ತು, ಕೂಡಿಸಿದ್ರ ಬರೋಬ್ಬರಿ ಕುಂತ್ವು. ಗೆದ್ದ ಮ್ಯಾಲ ಅಂವ ಹನೋಯಿ ಕೆರಿಯಾಗ ದೋಣಿಯೊಳಗ ಹೊಂಟಿದ್ದ, ಬಂಗಾರದ ಆಮಿ ಎದ್ದು ಕತ್ತಿ ಕೊಡು ಅಂತು, ಕೊಟ್ಟ. ಆ ಕೆರಿ ಹೆಸರ ಹ್ವಾನ್ ಕಿಯೆಮ್, ಅಂದ್ರ ಕತ್ತಿ ವಾಪಸ್ ಕೊಟ್ಟ ಕೆರಿ.

ನಾ ಆ ಕೆರಿಗೆ ಹೋಗೀನಿ. ಕೆಂಪು ಕಟಗಿ ಸೇತುವೆ ದಾಟಿದ್ರ ನಡುಗಡ್ಡಿ ಮ್ಯಾಲ ಗುಡಿ, ಅಲ್ಲಿ ಗಾಜಿನ ಪೆಟ್ಟಿಗಿಯೊಳಗ ಆಮಿ ಇಟ್ಟಾರ, ನಮ್ಮ ಮನಿ ಹೊರಸಿನಷ್ಟು ಉದ್ದ. ಬೆನ್ನು ಕಲ್ಲಿನಂಗಿಲ್ಲ, ತೊಗಲಿನಂಗ ಮೆತ್ತಗಿನ ಜಾತಿ. ಕೆರಿಯೊಳಗಿನ ಕಡೇ ಆಮಿ 2016ರ ಜನವರಿಯಾಗ ಸತ್ತಿತು, ಒಂದೂವರಿ ಕ್ವಿಂಟಲ್ ಮ್ಯಾಲ ತೂಕ. ಅಲ್ಲಿ ಮಂದಿ ಅದಕ್ಕ ‘ಕು ರುಆ’ ಅಂತಿದ್ರು, ಆಮಿ ಅಜ್ಜ ಅಂದಂಗ. ಆ ಜಾತಿ ಆಮಿ ಈಗ ಜಗತ್ತಿನ್ಯಾಗ ಬೆರಳ ಎಣಿಕಿಯಷ್ಟು ಉಳದಾವ.

ಕವಿಗಳು, ಪಂಡಿತರು ಯಾರೂ ಇಲ್ಲೇನು? ಬರೇ ಯುದ್ಧದವರ ಬಗ್ಗೆನ ಬರೀತೀರಿ.
— ಕನ್ನಡ ಎಂ.ಎ. ಓದುಗರು, ವಿಜಯಪುರ

ನಿಮ್ಮ ದೂರು ಒಪ್ಪಿದೆ. ಅದ ಲೇ ಲೋಯ್ ಮಗ್ಗಲದಾಗ ಙುಯೆನ್ ಟ್ರಾಯ್ ಅಂತ ಒಬ್ಬ ಇದ್ದ, ಕವಿ, ಪತ್ರ ಬರಿಯಾಂವ, ಸಲಹಾಗಾರ. ಹತ್ತು ವರ್ಷದ ಯುದ್ಧ ಮುಗದಾಗ, 1428ರ ಸುಮಾರಿಗೆ, ವಿಜಯದ ಘೋಷಣಾ ಬರದಾಂವ ಇವನ, ನಮ್ಮ ದೇಶ ಬ್ಯಾರೆ, ನಮ್ಮ ಬೆಟ್ಟ ನದಿ ಬ್ಯಾರೆ, ರೀತಿ ರಿವಾಜ ಬ್ಯಾರೆ ಅಂತ ನೆಟ್ಟಗ ಹೇಳಿದ ಬರವಣಿಗಿ ಅದು. ಇವನ ಬಗ್ಗೆ ಹೇಳೋ ಒಂದ ಕಥಿ ಕೇಳ್ರಿ, ಯುದ್ಧದ ಮೊದಲ ಎಲಿಗೋಳ ಮ್ಯಾಲ ಜೇನಿನಿಂದ ‘ಲೇ ಲೋಯ್ ರಾಜ, ಙುಯೆನ್ ಟ್ರಾಯ್ ಮಂತ್ರಿ’ ಅಂತ ಬರಸಿದ, ಇರಿವಿ ಜೇನ ತಿಂದು ಎಲಿ ಅಕ್ಷರದಂಗ ತೂತ ಬಿದ್ವು, ಎಲಿ ಹಳ್ಳದಾಗ ತೇಲಿಕೊಂತ ಹೋದ್ವು, ಮಂದಿ ದೇವರ ಮಾತು ಅಂತ ನಂಬಿದ್ರು.

ಕಡೀಕ ಆದದ್ದು ಮಾತ್ರ ಘೋರ. 1442ರಾಗ ಲಿಚಿ ತ್ವಾಟದಾಗ ಲೇ ಮನಿತನದ ಎರಡನೇ ರಾಜ ರಾತ್ರೋರಾತ್ರಿ ತೀರಿಕೊಂಡ, ಆಗ ಅಲ್ಲಿ ಇದ್ದಾಕಿ ಙುಯೆನ್ ಟ್ರಾಯ್ ಹೆಂಡ್ತಿ ಥಿ ಲೋ. ವಿಷಾ ಹಾಕ್ಯಾಳ ಅಂತ ಆರೋಪ ಹೊರಿಸಿ ಆಕಿನ್ನ, ಅವನ್ನ, ಮೂರು ಕಡೆ ಬಳಗದವರನ್ನ ಪೂರಾ ಕೊಂದ್ರು. ಊರ ಮಂದಿಗೆ ಇಂಥಾ ಅನ್ಯಾಯಕ್ಕ ಕಾರಣ ಬೇಕಲ್ಲ, ಹಾವಿನ ಕಥಿ ಕಟ್ಟಿದ್ರು, ಹಿಂದ ಇವರ ಮನ್ಯಾಗ ಹಾವಿನ ಮರಿ ಕೊಂದಿದ್ರಂತ, ರಾತ್ರಿ ಓದಿಕೊಂತ ಕುಂತಾಗ ತೊಲಿ ಮ್ಯಾಲಿಂದ ಹಾವಿನ ರಕ್ತ ಒಂದ ಹನಿ ಪುಸ್ತಕದಾಗ ‘ಪೀಳಿಗಿ’ ಅನ್ನೋ ಅಕ್ಷರದ ಮ್ಯಾಲ ಬಿದ್ದು ಮೂರು ಹಾಳಿ ಇಳೀತಂತ. ಇಪ್ಪತ್ತೆರಡು ವರ್ಷ ಆದ ಮ್ಯಾಲ, 1464ರಾಗ, ಲೇ ಥಾನ್ ತೊಂಗ್ ಅನ್ನೋ ರಾಜ ಇವನ ಮ್ಯಾಲಿನ ಕಳಂಕ ತಗದು ಬರಹ ಎಲ್ಲಾ ಹುಡುಕಿಸಿ ಕೂಡಿಸಾಕ ಹೇಳಿದ. ಇಂಡಿ ಮಾಸ್ತರಿಗೆ ಹೇಳಿದ 1479ರ ಇತಿಹಾಸ ಬರಸಿದ್ದೂ ಇದ ರಾಜ.

ಙುಯೆನ್ ಜು ಬಗ್ಗೆ ಎರಡ ಮಾತು. 1820ರಾಗ ತೀರಿದ ಕವಿ, ಅಪ್ಪನ್ನ ಬಿಡಿಸಾಕ ತನ್ನನ್ನ ತಾನ ಮಾರಿಕೊಂಡ ಕಿಯೆವ್ ಅನ್ನೋ ಹುಡುಗಿಯ ಕಥಿಯನ್ನ 3254 ಸಾಲಿನ್ಯಾಗ ಬರದಾನ. ಆರು ಅಕ್ಷರದ ಸಾಲು, ಎಂಟು ಅಕ್ಷರದ ಸಾಲು, ಆರರ ಕಡೇ ಪ್ರಾಸ ಎಂಟರ ಹೊಟ್ಟಿಯೊಳಗ ಬರತೈತಿ, ಎಂಟರ ಕಡೇ ಪ್ರಾಸ ಮುಂದಿನ ಆರಕ್ಕ ಕೊಂಡಿ ಹಾಕತೈತಿ, ಹಿಂಗಾಗಿ ಓದಾಕ ಬರಲಾರದ ಹೆಣ್ಮಕ್ಕಳೂ ಬಾಯಿಪಾಠ ಹೇಳ್ತಿದ್ರು, ಬೀಸೂಕಲ್ಲಿನ ಮುಂದ ನಮ್ಮವರು ತ್ರಿಪದಿ ಹೇಳಿದಂಗ. ಶಕುನಾ ನೋಡಾಕೂ ಅದ ಪುಸ್ತಕ ತಗೀತಾರ.

ಪಟ್ಟದಕಲ್ಲಿಗೆ ಬಂದ ಒಬ್ಬ ಪ್ರವಾಸಿ ವಿಯೆಟ್ನಾಂದಾಗೂ ಶಿವನ ಗುಡಿ ಅದಾವ ಅಂದ. ಹೌದೇನು?
— ಪ್ರವಾಸಿ ಗೈಡ್, ಬಾದಾಮಿ

ಹೌದ್ರಿ, ಆದ್ರ ಅವು ಚಂಪಾ ರಾಜ್ಯದವು, ಚಾಮ್ ಮಂದಿ ಕಟ್ಟಿದ್ದು, ಹುಂಗ್ ರಾಜರ ಕಥಿ ಹೇಳೋ ವಿಯೆಟ್ ಮಂದಿ ಅಲ್ಲ. ಮಧ್ಯ ವಿಯೆಟ್ನಾಂದಾಗ ಗುಡ್ಡದ ನಡು ಮಿ ಸೋನ್ ಐತಿ, ನಾಕನೇ ಶತಮಾನದ ಸುಮಾರಿಗೆ ಭದ್ರವರ್ಮ ಅನ್ನೋ ರಾಜ ಶಿವನ್ನ ಪ್ರತಿಷ್ಠಾಪಿಸಿ ಭದ್ರೇಶ್ವರ ಅಂತ ಹೆಸರಿಟ್ಟ. ನಿಮಗ ಇದು ತಟ್ಟನ ಹೊಳಿಬೇಕು, ವಿಜಯಾದಿತ್ಯ ಕಟ್ಟಿಸಿದ್ದು ವಿಜಯೇಶ್ವರ, ಲೋಕಮಹಾದೇವಿ ಕಟ್ಟಿಸಿದ್ದು ಲೋಕೇಶ್ವರ, ಅದ ಪದ್ಧತಿ. ಆದ್ರ ಅಲ್ಲಿ ಗುಡಿ ಇಟ್ಟಂಗಿದು, ಕೆಂಪು ಇಟ್ಟಂಗಿ ಮ್ಯಾಲನ ಕೆತ್ತ್ಯಾರ. 1969ರಾಗ ಅಮೆರಿಕಾದ ಬಾಂಬಿಗೆ ಎಲ್ಲಾಕ್ಕಿಂತ ದೊಡ್ಡ ಗುಡಿ ಬಿದ್ದು ಹೋತು. 1999ರಾಗ ಯುನೆಸ್ಕೊ ಸೇರ್ತು, ಆಮ್ಯಾಲ ನಮ್ಮ ಭಾರತೀಯ ಪುರಾತತ್ವ ಇಲಾಖಿಯವರ ಹೋಗಿ ರಿಪೇರಿ ಮಾಡ್ಯಾರ, 2020ರ ಮೇ ತಿಂಗಳದಾಗ ಮಣ್ಣಾಗಿಂದ ಒಂದ ಅಖಂಡ ಕಲ್ಲಿನ ಲಿಂಗಾ ತಗದ್ರು, ಒಂಬತ್ತನೇ ಶತಮಾನದ್ದು.

ಚಂಪಾದ ಒಂದ ರಾಜಧಾನಿ ಹೆಸರ ವಿಜಯ, ವಿಜಯಪುರದ ಓದುಗರು ಗಮನಿಸ್ರಿ. ಅದನ್ನ 1471ರಾಗ ಮುರದಾಂವ, ಮ್ಯಾಲ ಕವಿಗೆ ನ್ಯಾಯ ಕೊಟ್ಟನಲ್ಲ, ಅದ ಲೇ ಥಾನ್ ತೊಂಗ್. ಒಂದ ಕೈಯಿಂದ ನ್ಯಾಯ ಕೊಟ್ಟಾಂವ ಇನ್ನೊಂದ ಕೈಯಿಂದ ಒಂದ ರಾಜಧಾನೀನ ಅಳಿಸಿದ, ನನಗ ಇದನ್ನ ಓದಿ ಸಂಕಟ ಆತು. ಚಾಮ್ ಮಂದಿ ಇನ್ನೂ ಅದಾರ, ಅವರೊಳಗ ಕೆಲವರು ಹಿಂದೂ ಪದ್ಧತಿ ನಡಸ್ತಾರ, ಕಾಟೆ ಅನ್ನೋ ಹಬ್ಬಕ್ಕ ಹಳೆ ಗೋಪುರ ಹತ್ತಿ ದೇವರಿಗೆ ಅರಿವಿ ಉಡಸ್ತಾರ. ನ್ಯಾ ಚಾಂಗ್ ಊರಿನ ಪೋ ನಗರ್ ಗುಡಿಯ ಅವ್ವಗ ಚಾಮರೂ ನಡಕೊಳ್ತಾರ, ವಿಯೆಟ್ ಮಂದೀನೂ ಬ್ಯಾರೆ ಹೆಸರಿನಿಂದ ನಡಕೊಳ್ತಾರ.

ಹಬ್ಬದಾಗ ಚೌಕ ಅನ್ನದ ಗಂಟು ಮಾಡ್ತಾರ ಅಂತ ಬರದಿದ್ರಿ. ಮಾಡೂದು ಹೆಂಗ? ನಾವು ಮಾಂಸ ತಿನ್ನೂದಿಲ್ಲ.
— ಗೃಹಿಣಿ, ಜಮಖಂಡಿ

ಅಕ್ಕಾರ, ಅದರ ಹೆಸರ ಬಾನ್ ಚುಂಗ್. ಮೊದಲ ಅದರ ಕಥಿ, ಒಬ್ಬ ಹುಂಗ್ ರಾಜ ಮಕ್ಕಳಿಗೆ ಹೇಳಿದ, ಹಿರೇರಿಗೆ ಎಡಿ ಹಿಡಿಯಾಕ ಯಾರು ಎಲ್ಲಾಕ್ಕಿಂತ ಚೊಲೋ ಅಡಗಿ ತರ್ತಾರೋ ಅವರಿಗೆ ಪಟ್ಟ. ಎಲ್ಲಾರೂ ಗುಡ್ಡ ಸಮುದ್ರ ಹುಡಕಾಕ ಓಡಿದ್ರು. ಲಾಂಗ್ ಲಿಯು ಅನ್ನಾಂವಗ ತಾಯಿ ಇರ್ಲಿಲ್ಲ, ರೊಕ್ಕಾ ಇರ್ಲಿಲ್ಲ, ಮನ್ಯಾಗ ಇದ್ದದ್ದು ಅಕ್ಕಿ ಅಷ್ಟ. ಕನಸಿನ್ಯಾಗ ದೇವರ ಬಂದು ಅಕ್ಕಿಗಿಂತ ದೊಡ್ಡದು ಯಾವ್ದೂ ಇಲ್ಲ ಅಂದ. ಅಂವ ಭೂಮಿ ಅಂತ ಒಂದ ಚೌಕ, ಆಕಾಶ ಅಂತ ಒಂದ ದುಂಡಂದು ಮಾಡಿ ಇಟ್ಟ, ಅವಗ ಪಟ್ಟ ಆತು. ನಾವು ಎಳ್ಳ ಅಮಾಸಿಗೆ ಹೊಲಕ್ಕ ಬುತ್ತಿ ಹೊತಗೊಂಡ ಹೋಗಿ ಚರಗ ಚೆಲ್ಲೂವಾಗ ಭೂಮ್ತಾಯಿಗೆ ಕೊಡೂದು ಅದ ಹೊಲದ ಜ್ವಾಳ ಸಜ್ಜಿ ಅಲ್ಲೇನ್ರಿ?

ಅಲ್ಲಿ ಒಳಗ ಹಂದಿ ಮಾಂಸ ಇಡ್ತಾರ, ಆದ್ರ ಬೌದ್ಧ ವ್ರತದವರು ಮಾಂಸ ಬಿಟ್ಟೂ ಮಾಡ್ತಾರ, ನೀವು ಹಂಗ ಮಾಡ್ರಿ. ಅಂಟು ಅಕ್ಕಿನ ಬೇಕು, ನಮ್ಮ ಸೋನಾಮಸೂರಿ ಹಿಡಕೊಳ್ಳಂಗಿಲ್ಲ, ಈಶಾನ್ಯ ರಾಜ್ಯದ ಅಂಟು ಅಕ್ಕಿ ಆನ್‌ಲೈನ್ ಸಿಗತೈತಿ. ರಾತ್ರಿ ನೆನಿ ಹಾಕ್ರಿ. ಹೆಸರ ಬ್ಯಾಳಿ ನೆನಿಸಿ, ಹಬ್ಯಾಗ ಬೇಯಿಸಿ, ಉಪ್ಪು ಮೆಣಸಿನಪುಡಿ ಅಂದ್ರ ಕರಿಮೆಣಸು ಹಾಕಿ ನುರೀರಿ. ಅವರ ‘ಡೊಂಗ್’ ಎಲಿ ಇಲ್ಲಿ ಸಿಗೂದಿಲ್ಲ, ಬಾಳಿ ಎಲಿ ಉರಿ ಮ್ಯಾಲ ಹಿಡದು ಬಾಡಿಸಿ ತಗೋರಿ. ಎಲಿ ಅಡ್ಡ ಉದ್ದ ಹಾಸಿ ಅಕ್ಕಿ, ಮ್ಯಾಲ ಬ್ಯಾಳಿ, ಮತ್ತ ಅಕ್ಕಿ, ನಾಕೂ ಕಡೆ ಮಡಚಿ ಚೌಕ ಮಾಡಿ ಕಟ್ಟ್ರಿ, ಭಾಳ ಬಿಗೀಬ್ಯಾಡ್ರಿ, ಅಕ್ಕಿ ಅರಳಾಕ ಜಾಗಾ ಬೇಕು. ಅವರು ಹತ್ತು ಹನ್ನೆರಡು ತಾಸು ಕುದಸ್ತಾರ, ವರ್ಷದ ಕಡೇ ರಾತ್ರಿಗೋಳಾಗ ಮನಿ ಮಂದಿ ಎಲ್ಲಾ ಒಲಿ ಮುಂದ ಕುಂತು ನೀರ ಹಾಕಿಕೊಂತ ಕಾಯ್ತಾರ. ಸಣ್ಣ ಗಂಟಿಗೆ ಅಷ್ಟ ಹೊತ್ತ ಬೇಕಾಗಂಗಿಲ್ಲ. ನೀರು ಗಂಟಿನ ಮ್ಯಾಲ ಇರಬೇಕು ಅನ್ನೂದ ಮುಖ್ಯ. ತಗದ ಮ್ಯಾಲ ತಣ್ಣೀರಾಗ ತೊಳದು, ಮ್ಯಾಲ ಹಲಗಿ ಇಟ್ಟು, ಹಲಗಿ ಮ್ಯಾಲ ರುಬ್ಬೂ ಗುಂಡ ಇಟ್ಟು ನೀರ ಇಳಿಯಾಕ ಬಿಡ್ರಿ. ಬಿಚ್ಚಿದಾಗ ಅಕ್ಕಿಗೆ ಎಲಿ ಹಸರ ಹತ್ತಿರತೈತಿ.

ಕೊಯ್ಯಾಕ ಚಾಕು ಹಚ್ಚಬ್ಯಾಡ್ರಿ, ಅಂಟಿಕೊಳ್ಳತೈತಿ. ಅವರು ಕಟ್ಟಿದ್ದ ಬಿದರಿನ ಎಳಿನ ಸೀಳಿ ತಾಟಿನ್ಯಾಗ ಅಡ್ಡ, ಉದ್ದ, ಮೂಲಿಂದ ಮೂಲಿಗೆ ಹಾಸಿ, ಅದರ ಮ್ಯಾಲ ಗಂಟ ಬೋರಲ ಹಾಕಿ, ಒಂದೊಂದ ಎಳಿ ತುದಿ ಎರಡೂ ಕಡಿಂದ ಎತ್ತಿ ಎಳೀತಾರ. ನಾಕ ಎಳಿಗೆ ಎಂಟು ತುಂಡು. ನೀವು ದಪ್ಪ ನೂಲಿನ ದಾರ ತಗೋರಿ, ಆಗತೈತಿ.